ಟೆಸ್ ನಿಲ್ಲಿಸಿದ ಸಾಲು

ಮೇ 30, 2011, ಸೋಮವಾರ

ಕೊರೀನಳ ಮಾತು ಕಿವಿಯಿಂದ ಹೋಗುತ್ತಿಲ್ಲ.

ಯೋಧರ ಸ್ಮರಣೆಯ ದಿನ ನಮ್ಮೂರ ಸ್ಮಶಾನದಲ್ಲಿ ಯುದ್ಧದಲ್ಲಿ ಮಡಿದವರ ಬಗ್ಗೆ ಲಿಂಕನ್ನರು ಮಾಡಿದ ಗೆಟಿಸ್‌ಬರ್ಗ್ ಭಾಷಣ ಒಪ್ಪಿಸಲು ಮಕ್ಕಳನ್ನು ತಯಾರು ಮಾಡುವವಳು ನಾನು, ಇಪ್ಪತ್ತಾರು ವರ್ಷದಿಂದ. ಇವತ್ತು ಕೊರೀನಳ ಮಗಳು ಟೆಸ್ ಒಪ್ಪಿಸಿದಳು. ಏಳು ವರ್ಷದ ಹಿಂದೆ ಅವಳಣ್ಣ ಡ್ವೇನ್ ಅಲ್ಲೇ ನಿಂತು ಒಪ್ಪಿಸಿದ್ದ. ಕಳೆದ ಚಳಿಗಾಲದಲ್ಲಿ ಅಫ್ಘಾನಿಸ್ತಾನದಿಂದ ಶವಪೆಟ್ಟಿಗೆಯಲ್ಲಿ ಬಂದ.

ಸತ್ತವರ ಸಾವು ವ್ಯರ್ಥವಾಗಬಾರದು ಎಂಬಲ್ಲಿ ಟೆಸ್ ನಿಂತುಬಿಟ್ಟಳು. ನಾನು ಪೆದ್ದಿಯಂತೆ ಪಕ್ಕದಿಂದ ಸಾಲು ಪಿಸುಗುಟ್ಟಿದೆ. ಮಗು ಮರೆತಿರಲಿಲ್ಲ.

ಆಮೇಲೆ ಕೊರೀನ್ ನನ್ನ ಕೈ ಹಿಡಿದಳು. "ಸೈನ್ಯ ಬೇಡ ಕಣೋ ಅಂತ ಡ್ವೇನ್ ಹತ್ರ ಜಗಳ ಆಡ್ದೆ, ಟೀಚರ್. ಅವನು ಈ ಭಾಷಣಾನೇ ಹೇಳ್ದ. ಇದಕ್ಕೆ ತಿರುಗಿ ಏನ್ ಹೇಳ್ಬೇಕು ಅಂತ ನೀವು ಯಾರಿಗೂ ಕಲಿಸ್ಲಿಲ್ವಲ್ಲ."

ಇಲ್ಲ. ನಾನು ಕಲಿಸಿದ್ದು ಎಲ್ಲಿ ದನಿ ಏರಿಸಬೇಕು ಎಂದಷ್ಟೇ.