ಧರಣಿಗೆ ಹೇಳದೆ

ನವೆಂಬರ್ 3, ಸೋಮವಾರ. ಬೆಳಿಗ್ಗೆ 9.15, ಆಫೀಸು

ಜರ್ಸಿ ಫೈಲು ನಾಲ್ಕನೇ ಸಲ ವಾಪಸ್. ಕಾಲೇಜು ನಡೆಸುವ ಟ್ರಸ್ಟಿನ ಲಾಂಛನ ತೋಳಿನ ಮೇಲಿದ್ದರೆ ಸಾಲದಂತೆ, ಎದೆಯ ಮೇಲೇ ಬೇಕಂತೆ. ಮೊಹರು ಒತ್ತಿ ಕಳಿಸಿದೆ. ಸ್ಟ್ಯಾಂಪ್ ಪ್ಯಾಡಿನ ನೇರಳೆ ಮಸಿ ಹೆಬ್ಬೆರಳಿಗೆ ಹತ್ತಿ ಮೂರು ದಿನ... ಹೋಗುತ್ತಿಲ್ಲ.

ಹತ್ತೊಂಬತ್ತು ವರ್ಷ ಈ ಕಾಲೇಜಿಗೆ ಟೆನಿಸ್ ಕೋಚ್ ಆಗಿದ್ದೆ. ಬೆಳಿಗ್ಗೆ ಐದೂವರೆಗೆ ಮಣ್ಣಿನ ಕೋರ್ಟಿಗೆ ನೀರು, ರೋಲರ್, ಗೆರೆಗೆ ಸುಣ್ಣ. ಆಮೇಲೆ ಹುಡುಗಿಯರು. ಎರಡು ವರ್ಷದ ಹಿಂದೆ ಹಳೆಯ ಫಿಸಿಕಲ್ ಡೈರೆಕ್ಟರ್ ನಿವೃತ್ತರಾದರು, ಕ್ರೀಡಾ ವಿಭಾಗದ ಡೈರೆಕ್ಟರ್ ಕುರ್ಚಿ ನನಗೆ ಬಂತು. ಎಲ್ಲರೂ ಕೈ ಕುಲುಕಿದರು. ಈಗ ಮುಟ್ಟುವುದೆಲ್ಲ ಹಾರ, ಶಾಲು, ಮೆಮೆಂಟೊ. ಸಭೆ ಮುಗಿದ ಮೇಲೆ ಬಾಡಿದ ಚೆಂಡುಹೂವಿನ ವಾಸನೆ ಸೀರೆಗೆ ಅಂಟಿರುತ್ತದೆ.

ಇವತ್ತಿನ ಒಂದೇ ಒಳ್ಳೆಯದು — ಧರಣಿ. ಎಂಟುನೂರು ಮೀಟರ್, ಎರಡು ನಿಮಿಷ ಹದಿನಾಲ್ಕು ಸೆಕೆಂಡು. ಇಲವಾಲದ ಹುಡುಗಿ, ಸೆಕೆಂಡ್ ಬಿಎ. ಅಪ್ಪ ಚಿಕ್ಕಬಸವಯ್ಯ ಗೂಡ್ಸ್ ಆಟೋ ಓಡಿಸುತ್ತಾರೆ. ಹೋದ ವರ್ಷ ಕಾಲೇಜಿನ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡಿದ್ದಳು. ಟ್ರ್ಯಾಕಿಗೆ ಕರೆತಂದವಳು ನಾನೇ. ಓಟ ಮುಗಿದ ಮೇಲೆ ಎಲ್ಲರಂತೆ ಮಂಡಿ ಹಿಡಿದು ಬಗ್ಗುವುದಿಲ್ಲ. ಸೊಂಟದ ಮೇಲೆ ಕೈಯಿಟ್ಟು ಅಡ್ಡಾಡುತ್ತಾಳೆ, ಯಾರ ಮೇಲೋ ಜಗಳಕ್ಕೆ ಹೊರಟವಳ ಹಾಗೆ.

ನವೆಂಬರ್ 6, ಗುರುವಾರ. ಸಂಜೆ

ಅಂತರ ಕಾಲೇಜು ಮೀಟ್ ತಯಾರಿಗೆ ಎಲ್ಲ ಕಾಲೇಜಿನ ಪಿ.ಡಿ.ಗಳ ಸಭೆ. ಎರಡು ಗಂಟೆ ಬ್ಯಾನರಿನಲ್ಲಿ ಯಾರ ಫೋಟೊ ದೊಡ್ಡದು ಎಂಬ ಚರ್ಚೆ. ಮುಗಿದ ಮೇಲೆ ಶಿವರುದ್ರಪ್ಪ ನನ್ನ ಸ್ಕೂಟರಿನ ತನಕ ಬಂದ. ಇನ್ನೊಂದು ಕಾಲೇಜಿನ ಪಿ.ಡಿ. ಅವನ ಹುಡುಗಿ ಈ ವರ್ಷ ಮೂರು ಸಲ ಧರಣಿಯ ಹಿಂದೆ ಎರಡನೆಯವಳಾಗಿ ಬಂದಿದ್ದಾಳೆ.

"ತಪ್ಪು ತಿಳ್ಕೋಬೇಡಿ ಮೇಡಂ. ನಿಮ್ಮ ಆ ಎಂಟುನೂರು ಮೀಟರ್ ಹುಡುಗಿ... ಹುಡುಗೀನೇ ತಾನೆ?"

ಏನು ಕೇಳುತ್ತಿದ್ದಾನೆ ಎಂದು ತಲೆಗೆ ಹೋಗಲು ಹೊತ್ತು ಹಿಡಿಯಿತು.

"ಆ ಭುಜ ನೋಡಿ, ದನಿ ನೋಡಿ. ನಮ್ಮ ಹುಡುಗೀರು ಹೆದರ್ಕೊತಾರೆ ಕಣ್ರೀ. ಮೀಟ್ ದಿನ ಎಲ್ಲರ ಮುಂದೆ ಅಬ್ಜೆಕ್ಷನ್ ಬಂದ್ಬುಟ್ರೆ ಮುಜುಗರ ನಿಮಗೇನೆ. ಮುಂಚೇನೇ ಒಂದು ಡಾಕ್ಟರ್ ಸರ್ಟಿಫಿಕೇಟ್ ಮಾಡಿಸಿ ಇಟ್ಕೊಂಬುಡಿ."

ಬಾಯಲ್ಲಿ ಬಿಸ್ಕತ್ತು. ಮಾತಿನ ಜೊತೆ ಅದರ ಪುಡಿ ನನ್ನ ತೋಳಿನ ಮೇಲೆ ಬಿತ್ತು. ಮನೆಗೆ ಬಂದು ಮೊಣಕೈ ತನಕ ಸೋಪು ಹಾಕಿ ತೊಳೆದೆ.

ನವೆಂಬರ್ 7, ಶುಕ್ರವಾರ

ಪ್ರಿನ್ಸಿಪಾಲ್ ರಾಮಸ್ವಾಮಿ ಕರೆಸಿದರು. ಶಿವರುದ್ರಪ್ಪ ಅವರಿಗೂ ಫೋನ್ ಮಾಡಿದ್ದಾನೆ.

"ಲಿಖಿತವಾಗಿ ಏನೂ ಬೇಡ ಕಮಲ ಮೇಡಂ. ಸಲೀಸಾಗಿ ಮುಗಿಸಿಬಿಡಿ."

"ಇಂಥಾದ್ದೊಂದು ನಿಯಮಾನೇ ಇಲ್ಲ ಸರ್. ಹುಡುಗಿಗೆ ಏನಂತ ಹೇಳ್ಲಿ?"

"ಜನರಲ್ ಚೆಕಪ್ ಅನ್ನಿ. ಸುಮ್ನೆ ಯಾಕೆ ಆ ಮಗು ಮನಸ್ಸು ನೋಯಿಸ್ತೀರ? ನೀವು ಹೆಂಗಸರು, ನಿಮಗೆ ಇದೆಲ್ಲ ಗೊತ್ತಾಗುತ್ತೆ."

ಆಗುವುದಿಲ್ಲ ಎನ್ನಬೇಕಿತ್ತು. ಎದ್ದು ಬಂದು ಡಾಕ್ಟರ ನಂಬರ್ ಹುಡುಕಿದೆ. ಸರ್ಟಿಫಿಕೇಟು ಕೈಯಲ್ಲಿದ್ದರೆ ಮೀಟ್ ದಿನ ಯಾರೂ ಅವಳ ತಂಟೆಗೆ ಬರುವುದಿಲ್ಲ, ಅವಳ ಒಳ್ಳೆಯದಕ್ಕೇ ಅಂದುಕೊಂಡೆ. ಎಷ್ಟು ಬೇಗ ಸಿಕ್ಕಿತು ಆ ಮಾತು.

ನವೆಂಬರ್ 10, ಸೋಮವಾರ. ಮಧ್ಯಾಹ್ನ

ಕುವೆಂಪುನಗರದ ಕ್ಲಿನಿಕ್ಕು. ಧರಣಿ ನನ್ನ ಸ್ಕೂಟರಿನ ಹಿಂದೆ. ದಾರಿಯುದ್ದಕ್ಕೂ ಮಾತು — "ಐರನ್ ಮಾತ್ರೆ ಕೊಡ್ತಾರಾ ಮೇಡಂ? ನಮ್ ದೊಡ್ಡಮ್ಮ ನಂಗೆ ರಕ್ತ ಕಮ್ಮಿ ಅಂತಾನೇ ಇರ್ತಾರೆ."

ಡಾಕ್ಟರ್ ಪದ್ಮಾವತಿ ಮೊದಲು ನನ್ನೊಬ್ಬಳನ್ನೇ ಒಳಗೆ ಕರೆದರು. ವಿಷಯ ಹೇಳಿದೆ. ಪೆನ್ನು ಕೆಳಗಿಟ್ಟರು.

"ಯಾತಕ್ಕೆ ಕರ್ಕೊಂಡು ಬಂದಿದೀರಿ ಅಂತ ಹುಡುಗೀಗೆ ಗೊತ್ತಾ? ಅವಳು ಒಪ್ಪಿದಾಳಾ?"

"ಗೊತ್ತು. ಒಪ್ಪಿದಾಳೆ" ಅಂದೆ. ದನಿ ನಡುಗಲೂ ಇಲ್ಲ.

ಇಪ್ಪತ್ತೈದು ನಿಮಿಷ. ಹೊರಗೆ ಕೂತು ಗೋಡೆಯ ಮೇಲಿನ ಲಸಿಕೆ ಪಟ್ಟಿ ಓದಿದೆ, ಮತ್ತೆ ಮತ್ತೆ. ಬಾಗಿಲು ತೆರೆದು ಬಂದಳು. ದುಪಟ್ಟಾ ಕತ್ತಿನ ಸುತ್ತ ಎರಡು ಸುತ್ತು. ನನ್ನ ಮುಖ ನೋಡಲಿಲ್ಲ. ಸ್ಕೂಟರ್ ಸ್ಟಾರ್ಟ್ ಮಾಡಿ ಕಾದೆ. ಹತ್ತುವುದೋ ಬೇಡವೋ ಎಂಬಂತೆ ನಿಂತಿದ್ದು ಹತ್ತಿದಳು. ಈ ಸಲ ನನ್ನ ಭುಜ ಹಿಡಿಯಲಿಲ್ಲ, ಹಿಂದಿನ ಕಂಬಿ ಹಿಡಿದಳು. ಸಿಗ್ನಲ್ಲಿನಲ್ಲಿ ಕಿವಿಯ ಹತ್ತಿರ ದನಿ —

"ಮೇಡಂ, ಟೆನಿಸ್ ಹುಡುಗೀರ್ನೂ ಹಿಂಗೇ ಕರ್ಕೊಂಡೋಗ್ತಿದ್ರಾ?"

ಲಾಯರ ಮಕ್ಕಳು, ಡಾಕ್ಟರ ಮಕ್ಕಳು. ಗೋಕುಲಂನಿಂದ ಕಾರಿನಲ್ಲಿ ಬಂದಿಳಿಯುತ್ತಿದ್ದವರು. ಒಬ್ಬಳನ್ನೂ ಕರೆದೊಯ್ದಿರಲಿಲ್ಲ. ಕೇಳುವ ಧೈರ್ಯ ಯಾರಿಗಿತ್ತು.

"ಈಗ ರೂಲ್ಸ್ ಬದಲಾಗಿದೆ ಕಣಮ್ಮ" ಅಂದೆ. ಒಂದೇ ದಿನದಲ್ಲಿ ಎರಡನೇ ಸುಳ್ಳು.

ಇಲವಾಲದ ಬಸ್ಸು ನಿಲ್ಲುವಲ್ಲಿ ಇಳಿಸಿದೆ. ಬರ್ತೀನಿ ಮೇಡಂ ಅನ್ನಲಿಲ್ಲ.

ನವೆಂಬರ್ 13, ಗುರುವಾರ

ಸರ್ಟಿಫಿಕೇಟು ಬಂತು. ಹೆಸರು, ವಯಸ್ಸು, ಪರೀಕ್ಷಿಸಲಾಗಿದೆ, ಹೆಣ್ಣು. ಸಹಿ, ಮೊಹರು. ದನದ ಜಾತ್ರೆಯಲ್ಲಿ ಹಲ್ಲು ಎಣಿಸಿ ಚೀಟಿ ಬರೆದ ಹಾಗೆ. ಬರೆಸಿದವಳು ನಾನು.

ರಾಮಸ್ವಾಮಿ ಓದಿ ಖುಷಿಯಾದರು. "ನೋಡಿ, ಎಷ್ಟು ಸುಲಭವಾಗಿ ಮುಗೀತು." ನನ್ನೆದುರೇ ಮೊಬೈಲಿನಲ್ಲಿ ಫೋಟೊ ತೆಗೆದು ಶಿವರುದ್ರಪ್ಪನಿಗೆ ಕಳಿಸಿದರು, ಬಾಯಿ ಮುಚ್ಚಿಸೋಕೆ ಅಂತ. ಬೇಡ ಸರ್ ಅಂದೆ... ಅಂದೆನೋ, ಅಂದುಕೊಂಡೆನೋ. ಅಷ್ಟರಲ್ಲಿ ಹೋಗಿಯಾಗಿತ್ತು.

ನವೆಂಬರ್ 15, ಶನಿವಾರ. ಬೆಳಿಗ್ಗೆ 8

ಮಗಳು ತನ್ಮಯಿ ತಿಂಡಿ ತಟ್ಟೆ ಪಕ್ಕಕ್ಕೆ ಸರಿಸಿ ಮೊಬೈಲ್ ನನ್ನ ಮುಂದಿಟ್ಟಳು. ಅವಳ ಪಿಯುಸಿ ಗೆಳತಿಯೊಬ್ಬಳು ಕಳಿಸಿದ್ದು. ಅದೇ ಕಾಗದ. ಮೇಲೆ ಯಾರೋ ಬರೆದಿದ್ದಾರೆ — "ಐಎಸ್‌ಐ ಮಾರ್ಕ್ ಸಿಕ್ತು". ಕೆಳಗೆ ನಗುವ ಮುಖಗಳ ಸಾಲು.

"ಇದರಲ್ಲಿ ನಿನ್ನ ಹೆಸರಿದೆ ಅಮ್ಮ. ಕಮಲ ಅವರ ಕೋರಿಕೆಯಂತೆ ಅಂತ."

"ಹೂಂ."

"ನನ್ನನ್ನ ಯಾರಾದರೂ ಹೀಗೆ ಕರ್ಕೊಂಡು ಹೋಗಿದ್ದಿದ್ರೆ?"

ಬ್ಯಾಗು ಹಾಕಿಕೊಂಡು ಹೋದಳು. ತಟ್ಟೆಯಲ್ಲಿ ದೋಸೆ ತಣ್ಣಗಾಗಿ ತೊಗಲಿನ ಹಾಗಾಯಿತು. ಎಸೆದೆ.

ಧರಣಿ ಗುರುವಾರದಿಂದ ಪ್ರಾಕ್ಟೀಸಿಗಿಲ್ಲ. ಫೋನ್ ಸ್ವಿಚ್ ಆಫ್.

ನವೆಂಬರ್ 20, ಗುರುವಾರ. ಮೀಟ್

ಧರಣಿ ಬರಲಿಲ್ಲ. ಎಂಟುನೂರು ಮೀಟರ್ ಶಿವರುದ್ರಪ್ಪನ ಹುಡುಗಿಗೆ. ಎರಡು ಇಪ್ಪತ್ತೊಂದು. ಪದಕ ಹಾಕಲು ನನ್ನನ್ನೇ ಕರೆದರು. ಕತ್ತು ಬಗ್ಗಿಸಿದ ಹುಡುಗಿ ಮೆಲ್ಲಗೆ ಕೇಳಿದಳು, "ಧರಣಿ ಯಾಕ್ ಬಂದಿಲ್ಲ ಮೇಡಂ? ಅವ್ಳಿಲ್ದೆ ಓಡಿದ್ದು ಓಡಿದಂಗೇ ಇಲ್ಲ."

ಊಟದ ಪೆಂಡಾಲಿನಲ್ಲಿ ಶಿವರುದ್ರಪ್ಪ. ಕೈಯಲ್ಲಿ ಜಿಲೇಬಿ, ಮೀಸೆಯಲ್ಲಿ ಪಾಕ.

"ಛೇ, ಹುಡುಗಿ ಬರಬೇಕಿತ್ತು. ಫೋಟೊ ಹೆಂಗೆ ಹೊರಗೆ ಹೋಯ್ತೋ ನಂಗಂತೂ ಗೊತ್ತಿಲ್ಲ. ಆದ್ರೆ ನಾನೇನು ರೈಟಿಂಗ್‌ನಲ್ಲಿ ಕೊಟ್ಟಿರ್ಲಿಲ್ವಲ್ಲ ಮೇಡಂ. ಮಾಡ್ಸಿದ್ದು ನೀವು."

ಆ ಮನುಷ್ಯನ ಬಾಯಿಂದ ಬಂದ ಒಂದೇ ನಿಜ. ಊಟ ಮಾಡದೆ ಹೊರಟು ಬಂದೆ.

ನವೆಂಬರ್ 23, ಭಾನುವಾರ. ಸಂಜೆ

ಇಲವಾಲಕ್ಕೆ ಹೋಗಿದ್ದೆ. ಚಿಕ್ಕಬಸವಯ್ಯ ಆಟೋ ಒರೆಸುತ್ತಿದ್ದವರು ಕೈ ತೊಳೆದು ಬಂದು ಕುರ್ಚಿ ಹಾಕಿದರು.

"ಕೂತ್ಕಳಿ ಮೇಡಮ್ಮೋರೆ. ಏನಾಯ್ತೋ ನಂಗೊತ್ತಿಲ್ಲ. ಶೂ ಎತ್ತಿ ಅಟ್ಟದ ಮ್ಯಾಲೆ ಮಡಗವ್ಳೆ. ಕೇಳುದ್ರೆ ಬಾಯೇ ಬುಡಾಕಿಲ್ಲ. ನೀವಾರಾ ಒಂದ್ ಮಾತೇಳಿ."

ನನ್ನ ಮೇಲೆ ಅಷ್ಟು ನಂಬಿಕೆ. ಕುರ್ಚಿ ಮುಳ್ಳಾಯಿತು.

ಧರಣಿ ಒಳಗಿಂದ ಬಂದಳು. "ಅಪ್ಪ, ನೀನ್ ವಸಿ ಆಚೆ ಇರು." ಅವರು ಹೋದ ಮೇಲೂ ಕೂರಲಿಲ್ಲ.

"ಆ ಶಿವರುದ್ರಪ್ಪ ಸಾರು ಏನಾರಾ ಅನ್ಕೊಳ್ಳಿ ಮೇಡಂ. ಅವ್ರಿಗೆ ನಾನ್ಯಾರೋ. ನಿಮ್ಗೆ ನಾನ್ ಗೊತ್ತಿದ್ದೆ."

"ತಪ್ಪಾಯಿತು ಧರಣಿ."

"ಬಾಯಲ್ಲಿ ಬ್ಯಾಡ. ಬರ್ಕೊಡಿ. ನಂಗೆ ಹೇಳ್ದೆ ಕರ್ಕೊಂಡೋದೆ ಅಂತ. ಮೀಟ್ ನಡ್ಸೋ ಸಂಘಕ್ಕೆ ಕಂಪ್ಲೇಂಟ್ ಕೊಡ್ತೀನಿ. ನಿಮ್ ಕಾಗ್ದ ಇಲ್ದಿದ್ರೆ ನನ್ ಮಾತು ಯಾರ್ ನಂಬ್ತಾರೆ?"

ಪೆನ್ನು ಬ್ಯಾಗಿನಲ್ಲೇ ಇತ್ತು. ಎರಡು ದಿನ ಕೊಡು ಅಂದೆ.

ಅವಳ ದೊಡ್ಡಮ್ಮ ಟೀ ತಂದುಕೊಟ್ಟರು. ಕುಡಿದೆ. ನಾಚಿಕೆಗೆಟ್ಟವಳು, ಪೂರ್ತಿ ಕುಡಿದೆ.

ಡಿಸೆಂಬರ್ 2, ಮಂಗಳವಾರ

ಎರಡು ದಿನ ಎಂದವಳು ಒಂಬತ್ತು ದಿನ ಮಾಡಿದೆ. ಬರೆದಿಲ್ಲ. ಮೊದಲು ಮೀಟಿನ ವರದಿ, ಆಮೇಲೆ ತನ್ಮಯಿಯ ಪರೀಕ್ಷೆ, ಆಮೇಲೆ ತಲೆನೋವು. ಹೆದರಿಕೆಗೆ ಎಷ್ಟು ಹೆಸರು.

ಧರಣಿ ಕಾಯಲಿಲ್ಲ. ಹಾಳೆಯ ಎರಡೂ ಬದಿ ಕೈಯಲ್ಲೇ ಬರೆದು ದೂರು ಕೊಟ್ಟಿದ್ದಾಳೆ. ಅಂತರ ಕಾಲೇಜು ಸಂಘದವರು ವಿಚಾರಣೆಗೆ ಸಮಿತಿ ಮಾಡಿದ್ದಾರೆ.

ರಾಮಸ್ವಾಮಿ ಒಂದು ಟೈಪ್ ಮಾಡಿದ ಕಾಗದ ಮುಂದಿಟ್ಟರು. ವಿದ್ಯಾರ್ಥಿನಿ ಪರೀಕ್ಷೆಗೆ ಮೌಖಿಕವಾಗಿ ಒಪ್ಪಿರುತ್ತಾಳೆ, ಸಾಕ್ಷಿ ಕಮಲ, ಕ್ರೀಡಾ ನಿರ್ದೇಶಕಿ. ತಾರೀಕು ನವೆಂಬರ್ 9.

"ಇದು ನಿಮ್ಮನ್ನ ಉಳಿಸೋಕೆ ಮೇಡಂ. ನನಗೇನಾಗ್ಬೇಕು?"

"ಒಂಬತ್ತು ಭಾನುವಾರ ಸರ್. ಕಾಲೇಜೇ ಇರಲಿಲ್ಲ."

"ಹೌದಾ? ಹಾಗಾದ್ರೆ ಎಂಟು ಮಾಡಿಸ್ತೀನಿ." ಪೆನ್ನು ತೆಗೆದು ಒಂಬತ್ತರ ಮೇಲೆ ಗೀಟು ಹಾಕಿದರು, ಪಾಠಪಟ್ಟಿಯಲ್ಲಿ ಪೀರಿಯಡ್ ಬದಲಾಯಿಸುವಷ್ಟು ಸಲೀಸಾಗಿ.

ಆ ಗೀಟು ನೋಡುತ್ತಾ ನಿಂತೆ. ಅವರ ಮೇಲೆ ಹೇಸಿಗೆ, ಸರಿ. ಅದಕ್ಕಿಂತ ಹೆಚ್ಚು — ಒಂದು ಗಳಿಗೆ ಎಂಟನೇ ತಾರೀಕು ನಾನೆಲ್ಲಿದ್ದೆ ಎಂದು ನೆನೆಸಿಕೊಳ್ಳಲು ನೋಡಿದ್ದೆ. ಸುಳ್ಳು ಸರಿಹೊಂದುತ್ತದೋ ಇಲ್ಲವೋ ಅಂತ.

ಡಿಸೆಂಬರ್ 3, ಬುಧವಾರ

ಬೆಳಿಗ್ಗೆ ಆರಕ್ಕೆ ಅಡುಗೆಮನೆಯಲ್ಲಿ ಕೂತು ಬರೆದೆ. ಒಂಬತ್ತು ಸಾಲು. ಧರಣಿಗೆ ಹೇಳದೆ ಕರೆದೊಯ್ದೆ. ಅವಳು ಒಪ್ಪಿದ್ದಾಳೆಂದು ಡಾಕ್ಟರಿಗೆ ಸುಳ್ಳು ಹೇಳಿದೆ. ಪ್ರಿನ್ಸಿಪಾಲರು ಹೇಳಿದರು, ನಾನು ಮಾಡಿದೆ. ಟೈಪ್ ಮಾಡಿದ ಒಪ್ಪಿಗೆಯ ವಿಷಯವನ್ನೂ ಸೇರಿಸಿದೆ. ಒಂದು ಪ್ರತಿ ಸಮಿತಿಗೆ.

ಇನ್ನೊಂದನ್ನು ಬಸ್ಸು ನಿಲ್ಲುವಲ್ಲಿ ಧರಣಿಗೆ ಕೊಟ್ಟೆ. ನಿಂತೇ ಎರಡು ಸಲ ಓದಿದಳು.

"ಡಾಕ್ಟ್ರಿಗೆ ನಾನ್ ಒಪ್ಪಿದೀನಿ ಅಂದಿದ್ರಾ?"

"ಹೂಂ."

"ಇದು ನಂಗೊತ್ತೇ ಇರ್ಲಿಲ್ಲ."

ಕಾಗದ ಮಡಿಸಿ ನೋಟ್‌ಬುಕ್ಕಿನೊಳಗೆ ಇಟ್ಟಳು. ಬಸ್ಸು ಬಂತು, ಹತ್ತಿದಳು. ಥ್ಯಾಂಕ್ಸ್ ಅನ್ನಲಿಲ್ಲ. ಯಾಕೆ ಅನ್ನಬೇಕು?

ಡಿಸೆಂಬರ್ 18, ಗುರುವಾರ

ಸಮಿತಿಯ ತೀರ್ಮಾನ ಬಂತು. ಸರ್ಟಿಫಿಕೇಟು ರದ್ದು. ಇಂಥ ಪರೀಕ್ಷೆಗೆ ನಿಯಮದಲ್ಲಿ ಜಾಗವಿಲ್ಲ. ಶಿವರುದ್ರಪ್ಪನಿಗೆ ಮೌಖಿಕ ಎಚ್ಚರಿಕೆ. ನನ್ನನ್ನು ಡೈರೆಕ್ಟರ್ ಹುದ್ದೆಯಿಂದ ಇಳಿಸಬೇಕು, ಹುಡುಗಿಯರ ತರಬೇತಿಯ ಹೊಣೆಯನ್ನೂ ಕೊಡಕೂಡದು. ಸರಿಯೇ. ಪ್ರಿನ್ಸಿಪಾಲರ ಹೆಸರು ಮೂರು ಪುಟದಲ್ಲಿ ಎಲ್ಲೂ ಇಲ್ಲ. ನನ್ನ ಒಂಬತ್ತು ಸಾಲಿನಲ್ಲಿ ಅವರ ಸಾಲು ಎಲ್ಲಿ ಜಾರಿತೋ. ಸಮಿತಿಯ ಅಧ್ಯಕ್ಷರೂ ಅವರೂ ವಾರಕ್ಕೆರಡು ದಿನ ಒಟ್ಟಿಗೆ ಷಟಲ್ ಆಡುತ್ತಾರೆ. ಥೂ.

ಧರಣಿಗೆ ಬೇರೆಯಾಗಿ ಟ್ರಯಲ್ ಇಟ್ಟಿದ್ದರು, ನಿನ್ನೆ. ಹೋಗಲು ನನಗೆ ಮುಖವಿರಲಿಲ್ಲ. ಯಾರಿಗೂ ಹೇಳದೆ ತನ್ಮಯಿ ಹೋಗಿದ್ದಳಂತೆ. ಸಂಜೆ ಬಂದು ಚಪ್ಪಲಿ ಬಿಡುತ್ತಾ ಹೇಳಿದಳು — ಎರಡು ಹನ್ನೆರಡು. ರಾಜ್ಯ ಮೀಟಿಗೆ ಆಯ್ಕೆ. ಒಂದು ತಿಂಗಳಲ್ಲಿ ಮಗಳು ತಾನಾಗಿ ನನ್ನೊಡನೆ ಆಡಿದ ಮೊದಲ ಮಾತು.

ಡಿಸೆಂಬರ್ 22, ಸೋಮವಾರ. ಸಂಜೆ 5

ಚಾರ್ಜ್ ಒಪ್ಪಿಸಿದೆ. ಹೊಸ ಡೈರೆಕ್ಟರ್ ಗುರುಕಿರಣ್, ನಮ್ಮ ಕ್ರಿಕೆಟ್ ಕೋಚ್. ವಯಸ್ಸು ಮೂವತ್ತನಾಲ್ಕು, ಒಳ್ಳೆಯ ಹುಡುಗನೆಂದೇ ಹೆಸರು. ಬೀರುಗಳು, ರಿಜಿಸ್ಟರುಗಳು, ಎಲ್ಲಾ ಮುಟ್ಟಿ ನೋಡಿದ. ಕೊನೆಗೆ ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದ.

"ಮೇಡಂ, ನಮ್ನಮ್ಮಲ್ಲೇ ಇರ್ಲಿ. ಆ ಹುಡುಗಿ ರಿಪೋರ್ಟಲ್ಲಿ... ನಿಜವಾಗ್ಲೂ ಏನಿತ್ತು?"

ಕಣ್ಣಲ್ಲಿ ಕೇಡಿರಲಿಲ್ಲ. ಬರೀ ಕುತೂಹಲ, ಮೊನ್ನೆಯ ಸ್ಕೋರು ಕೇಳುವ ಹಾಗೆ. ಸಮಿತಿ, ತೀರ್ಮಾನ, ಇಡೀ ಒಂದೂವರೆ ತಿಂಗಳು, ಆಮೇಲೂ ಇದು. ಎದ್ದು ಹೋಗಬಹುದಿತ್ತು. ಬಾಗಿಲು ಪೂರ್ತಿ ತೆರೆದಿಟ್ಟೆ. ಹೊರಗೆ ಕಾರಿಡಾರಿನಲ್ಲಿ ಹುಡುಗ ಹುಡುಗಿಯರು. ಎಲ್ಲರಿಗೂ ಕೇಳುವ ಹಾಗೆ ಶುರು ಮಾಡಿದೆ —

"ರಿಪೋರ್ಟ್ ಬಿಡಿ ಗುರುಕಿರಣ್. ನಾನೇನು ಮಾಡಿದೆ ಅಂತ ಹೇಳ್ತೀನಿ, ಕೂತ್ಕೊಳಿ. ಆ ಹುಡುಗೀನ ನಾನು ಸ್ಕೂಟರ್ ಹತ್ತಿಸ್ಕೊಂಡಾಗ ಅವಳಿಗೆ ಯಾತಕ್ಕೆ ಅಂತ ನಿಜ ಹೇಳಿರ್ಲಿಲ್ಲ."