ಕೀಮ್ಯಾನ್ ಜತ್ತಪ್ಪನವರ ಸನ್ಮಾನ

ಕೊಯಿಲ
೨೨ ಜನವರಿ ೨೦೨೫

ಪ್ರಿಯ ಮೋಹಿನಿ,

ಗುತ್ತಿಗಾರಿನಲ್ಲಿ ನೀವೆಲ್ಲ ಸೌಖ್ಯವೆಂದು ನಂಬಿದ್ದೇನೆ. ನೀನು ಫೋನು ಮಾಡಿ ಹತ್ತು ದಿನ ಕಳೆಯಿತು. "ಅಪ್ಪ ಸನ್ಮಾನಕ್ಕೆ ಹೋದವರು ಊಟ ಮಾಡದೆ ಬಂದ್ರಲ್ಲ, ಅಲ್ಲಿ ಎಂತ ಆಯ್ತು?" ಎಂದು ಕೇಳಿದೆ. ಸಿಗ್ನಲ್ ಇಲ್ಲ, ಕಾಗದ ಬರೆಯುತ್ತೇನೆ ಎಂದು ನಾನು ಫೋನಿಟ್ಟೆ. ಸಿಗ್ನಲ್ ಚೆನ್ನಾಗಿಯೇ ಇತ್ತು. ಅರವತ್ತರ ಹತ್ತಿರ ಬಂದರೂ ಇಂಥ ಸುಳ್ಳು ನನಗೆ ಸಲೀಸಾಗಿ ಬರುತ್ತದೆ ನೋಡು. ತಡವಾದದ್ದಕ್ಕೆ ಕ್ಷಮಿಸು.

ನಮ್ಮ ಸ್ಟೇಷನ್ ಹಬ್ಬದ ಸುದ್ದಿ ಪೇಪರಿನಲ್ಲಿ ನೋಡಿರಬಹುದು. ಊರಿನ ಇಪ್ಪತ್ತು ಜನ ಸೇರಿ ಒಂದು ತಿಂಗಳು ಪ್ಲಾಟ್‌ಫಾರ್ಮ್ ಗುಡಿಸಿ, ಪೊದೆ ಕಡಿದು, ಕಲ್ಲುಬೆಂಚಿಗೆ ಬಣ್ಣ ಬಳಿದೆವು. ಮೀಟರ್‌ಗೇಜ್ ಕಾಲದ ವಸ್ತುಗಳ ಪ್ರದರ್ಶನವೂ ಇತ್ತು. ಆಗ ಅಲ್ಲಿ ಚಹಾ ಮಾರುತ್ತಿದ್ದ ಹಸನಬ್ಬ ರಟ್ಟಿನ ಟಿಕೇಟುಗಳ ಒಂದು ಕಟ್ಟನ್ನೇ ತಂದರು. ಶೀಲಾವತಿ ಟೀಚರ್ ತಮ್ಮ ಮಾವನ ಕೈದೀಪ ಕೊಟ್ಟರು. ಸಮಿತಿಯ ಅಧ್ಯಕ್ಷ ನಾನು, ನನ್ನ ಹೆಸರಿನಲ್ಲಿ ಮೇಜಿನ ಮೇಲೆ ಏನೂ ಇಲ್ಲ! ಹೊಟ್ಟೆ ಉರಿಯಿತು. ಅಟ್ಟ ಹತ್ತಿ ನಾಲ್ಕು ಕೀ ಇಳಿಸಿ, ಎಣ್ಣೆ ಹಚ್ಚಿ, "ಸಂಗ್ರಹ: ರಾಮಪ್ರಸಾದ ಭಟ್" ಎಂದು ಚೀಟಿ ಅಂಟಿಸಿಟ್ಟೆ. ಕೀ ಎಂದರೇನೆಂದು ನಿನಗೆ ಹೇಳಬೇಕೇ? ಹಳಿಯನ್ನು ಅದರಡಿಯ ಸ್ಲೀಪರ್ ಪಟ್ಟಿಗೆ ಬಿಗಿಹಿಡಿಯುವ ಆ ಕಬ್ಬಿಣದ ಬೆಣೆಗಳನ್ನು ಬಡಿದು ಕೂರಿಸುತ್ತ ನಿನ್ನ ಅಪ್ಪ ದಿನಾ ಬೆಳಿಗ್ಗೆ ಸುತ್ತಿಗೆ ಹಿಡಿದು ಲೈನು ನಡೆಯುತ್ತಿದ್ದರಲ್ಲ.

ಅಂದು ಅವರು ಇಸ್ತ್ರಿ ಹಾಕಿದ ಖಾಕಿ ಅಂಗಿಯಲ್ಲಿ ಎಲ್ಲರಿಗಿಂತ ಮೊದಲೇ ಬಂದಿದ್ದರು. ಮೇಜಿನ ಬಳಿ ನಿಂತು ಒಂದು ಕೀ ಎತ್ತಿ ಹೆಬ್ಬೆರಳಿನಲ್ಲಿ ಸವರಿದರು.

"ಭಟ್ರೇ, ಇದೆಲ್ಲಿ ಸಿಕ್ಕಿತು ನಿಮಗೆ?"

"ಪುತ್ತೂರಿನ ಗುಜರಿ ಅಂಗಡಿಯಲ್ಲಿ ಜತ್ತಪ್ಪಣ್ಣ," ಎಂದೆ.

"ಹೌದಾ," ಎಂದು ಕೀಯನ್ನು ಮೊದಲಿದ್ದಲ್ಲೇ ಇಟ್ಟು ಹೋಗಿ ಕುಳಿತರು.

ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು, ಎರಡು ಮಾತಾಡಿ ಎಂದೆವು. ಅವರು ಮೈಕ್ ಹಿಡಿದು ಹೇಳತೊಡಗಿದರು. "ನಾನು ಲೈನು ನಡೆಯದ ದಿನ ಇಲ್ಲ. ಜ್ವರ ಬಂದ್ರೂ ನಡೆದಿದ್ದೇನೆ. ಒಂದು ಸಲ ಟ್ರಾಲಿಯಲ್ಲಿ ಬಂದ ಸಾಹೇಬ್ರಿಗೆ ನನ್ನ ಲೈನಿನಲ್ಲಿ ಕೀ ಕಡಿಮೆ ಕಂಡಿತು. ನೀನು ನಡೆಯದೆ ಮನೆಯಲ್ಲಿ ಮಲಗುದು ಅಂತ ಹೇಳಿದ್ರು. ಅದು ಹಾಗಲ್ಲ ಅಂತ ಇವತ್ತಾದ್ರೂ ಊರಿನವರ ಎದುರು..."

ಅಷ್ಟರಲ್ಲಿ ನಾನು ಮೈಕ್ ಕಿತ್ತುಕೊಂಡೆ. "ರೈಲು ಬರುವ ಹೊತ್ತಾಯಿತು, ಜತ್ತಪ್ಪಣ್ಣನಿಗೆ ಜೋರಾಗಿ ಚಪ್ಪಾಳೆ!" ಎಂದೆ. ರೈಲಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಜನ ಚಪ್ಪಾಳೆ ತಟ್ಟಿದರು. ಅವರು ಬಾಯಿ ಅರೆ ತೆರೆದುಕೊಂಡೇ ನಿಂತಿದ್ದರು. ಎಂಬತ್ತೆರಡು ವರ್ಷದ ಮನುಷ್ಯ, ಅಷ್ಟು ದೂರದಿಂದ ಆ ಒಂದು ಮಾತಿಗಾಗಿಯೇ ಬಂದಿದ್ದರೆಂದು ಈಗ ಅನಿಸುತ್ತದೆ. ಊಟಕ್ಕೆ ಕರೆದರೆ "ಹಸಿವಿಲ್ಲ" ಎಂದು ಆಟೋ ಕರೆಸಿದರು. ನನಗೆ ನಾಚಿಕೆಯಾಗಿದೆ ಮೋಹಿನಿ. ಕನ್ನಡಿಯ ಎದುರು ನಿಂತು ಗಡ್ಡ ಹೆರೆಯುವುದಕ್ಕೂ ಮನಸ್ಸು ಬರುವುದಿಲ್ಲ.

ಮನೆಯವಳು ಶಂಕರಿ ನಿನ್ನನ್ನು ಕೇಳಿದ್ದಾಳೆ. ನಾನು ಪೇಪರು ಹಿಡಿದು ಸುಮ್ಮನೆ ಕೂರುವುದನ್ನು ಕಂಡು "ನಿಮಗೆ ಎಂತ ಆಗಿದೆ ಮಾರಾಯ್ರೆ?" ಎನ್ನುತ್ತಾಳೆ. ನಿನ್ನ ಮೊಮ್ಮಗಳು ಯಶಸ್ವಿ ಈ ವರ್ಷ ಶಾಲೆಗೆ ಸೇರುತ್ತಾಳೆಂದೆಯಲ್ಲ. ಅವಳು ತನಗೆ ಸಾಕೆನಿಸುವಷ್ಟು ಓದಲಿ, ನೂರು ಕಾಲ ಬಾಳಲಿ. ಅಪ್ಪನಿಗೆ ನನ್ನ ನಮಸ್ಕಾರ.

ಇತಿ,
ರಾಮಪ್ರಸಾದ

ತಾ.ಕ.: ಇಲ್ಲಿಯವರೆಗೆ ಓದಿ ನೀನು ನನ್ನನ್ನು ಒರಟನೆಂದಷ್ಟೇ ಬೈದಿರುತ್ತೀ. ಆ ಕೀಗಳನ್ನು ಲೈನಿನಿಂದ ಕದ್ದವನು ನಾನು. ಆರನೆಯ ಕ್ಲಾಸಿನ ರಜೆಯಲ್ಲಿ, ದಾರಕ್ಕೆ ಕಟ್ಟಿ ಬಡಿದರೆ ಗಂಟೆಯ ಹಾಗೆ ಕೇಳುತ್ತದೆಂದು. ಕೀ ಕಡಿಮೆಯಾದ ತಪ್ಪಿಗೆ ನಿನ್ನ ಅಪ್ಪನನ್ನು ಘಾಟಿಗೆ ವರ್ಗ ಮಾಡಿದಾಗ ಹೇಳಬಹುದಿತ್ತು, ನನ್ನ ಅಪ್ಪನ ಬೆತ್ತಕ್ಕೆ ಹೆದರಿದೆ. ಅಂದು ಆಟೋ ಹತ್ತುವಾಗ ಅವರು ನನ್ನ ಕೈ ಹಿಡಿದು, ಚಿಕ್ಕವನಿದ್ದಾಗ ಮಾತಾಡಿಸುತ್ತಿದ್ದ ಹಾಗೆ, "ಐದು ಇತ್ತು ಮಗಾ. ಇನ್ನೊಂದು ಎಂತ ಮಾಡಿದೆ?" ಎಂದರು. ನಾನು ಹಣ್ಣಿನ ಬುಟ್ಟಿಯನ್ನು ಆಟೋದೊಳಗೆ ಇಟ್ಟೆ. ಅವರು ನಿನಗೆ ನನ್ನ ಹೆಸರು ಹೇಳಿಲ್ಲವೆಂದು ನಿನ್ನ ಫೋನಿನಿಂದ ಗೊತ್ತಾಯಿತು. ಘಾಟಿಯಲ್ಲಿ ಶಾಲೆ ಇರಲಿಲ್ಲ ಮೋಹಿನಿ. ಪರೀಕ್ಷೆಯಲ್ಲಿ ನಮ್ಮ ಕ್ಲಾಸಿಗೇ ಮೊದಲು ಬರುತ್ತಿದ್ದವಳು ನೀನು. ನೀನು ಹೋದ ವರ್ಷದಿಂದ ಆ ಜಾಗ ನನ್ನದಾಯಿತು.