ಹಿತ್ತಿಲ ಬಾಗಿಲಿನ ಅಳತೆ

ರೀ,

ಆ ಕುಂಬಳಕಾಯಿ ಸುತ್ತ ದಿನಾ ಬೆಳಿಗ್ಗೆ ಟೇಪ್ ಹಿಡಿದು ಪ್ರದಕ್ಷಿಣೆ ಹಾಕಿದ್ರಲ್ಲ, ಹಿತ್ತಿಲ ಬಾಗಿಲನ್ನ ಒಂದು ದಿನವಾದ್ರೂ ಅಳೆದ್ರಾ? ಈಗ ನಾನೇ ಅಳೆದೆ. ಬಾಗಿಲು ಎರಡೂವರೆ ಅಡಿ, ನಿಮ್ಮ ಮುದ್ದಿನ ಕೂಸು ನಾಲ್ಕಡಿ ಅಗಲ. ದೊಡ್ಡ ಕುಂಬಳಕಾಯಿ ಸ್ಪರ್ಧೆ ನಾಳೆ!

ತಲೆ ಮೇಲೆ ಕೈ ಹೊತ್ತು ಕೂರಬೇಡಿ. ಹತ್ತು ಗಂಟೆಗೆ ಗಾರೆ ಮೇಸ್ತ್ರಿ ಬರ್ತಾರೆ, ಹಿಂದಿನ ಬೀದಿ ಕಡೆ ಹಿತ್ತಿಲ ಗೋಡೆ ಒಡೆಸಿ. ಅವರಿಗೆ ಟೀ ಕೊಡಿ, ಗೊಬ್ಬರದ ಬಗ್ಗೆ ಭಾಷಣ ಬೇಡ.

ಕಾಯಿ ಬಿರುಕು ಬಿಟ್ರೆ ತೂಕಕ್ಕೇ ಹಾಕಲ್ಲ ಅಂತ ಬಡ್ಕೋತಿದ್ರಲ್ಲ, ಅದಕ್ಕೇ ನನ್ನ ಹೊಸ ಕಂಬಳಿ ಸುತ್ತಿದ್ದೀನಿ. ನನಗೆ ಜ್ವರ ಬಂದಾಗ ಯಾರೂ ಇಷ್ಟು ಮಾಡ್ಲಿಲ್ಲ. ಇರಲಿ.

ನಾನು ಡ್ಯೂಟಿಗೆ ಹೊರಟೆ. ನಾಳೆ ಗೆದ್ದು ಬಂದ್ರೆ ಮುಂಬಾಗಿಲು ತೆಗೀತೀನಿ. ಸೋತ್ರೆ, ಹೇಗೂ ಗೋಡೆ ಒಡೆದಿರುತ್ತಲ್ಲ, ಅಲ್ಲೇ ನುಸುಳಿ.